ಸರ್ ನಮ್ಮ ಜೊತೆ ಭಾಲ್ಕಿಗೆ ಬಂದ ದಿನ

ನಮ್ಮ ಪಿ.ಟಿ. ಸರ್ ಕೊರಳಲ್ಲಿ ಯಾವಾಗಲೂ ಎರಡು ಸೀಟಿಗಳು ತೂಗುತ್ತಿದ್ದವು. ಒಂದು ಉಕ್ಕಿನದು, ಹಳೆಯದು, ತುಟಿ ತಾಗುವ ಕಡೆ ಹೊಳಪು ಹೋದದ್ದು. ಅದು ಹುಡುಗರ ಫುಟ್‌ಬಾಲಿಗೆ. ಇನ್ನೊಂದು ಕೆಂಪು ಪ್ಲಾಸ್ಟಿಕ್ಕಿನದು. ಅದು ನಮಗೆ, ಬಾಸ್ಕೆಟ್‌ಬಾಲ್ ಹುಡುಗಿಯರಿಗೆ. ಬೀದರಿನ ಆ ಕ್ಯಾಥೊಲಿಕ್ ಹೈಸ್ಕೂಲಿನಲ್ಲಿ ಆಟ ಕಲಿಸುವವರು ಅವರೊಬ್ಬರೇ. ಕೆಂಪು ಮುರುಮಿನ ಮೈದಾನಕ್ಕೂ ಬಿರುಕುಬಿಟ್ಟ ಸಿಮೆಂಟಿನ ಬಾಸ್ಕೆಟ್‌ಬಾಲ್ ಅಂಗಳಕ್ಕೂ ನಡುವೆ ಒಂದು ಬೇವಿನ ಮರವಿತ್ತು. ಅದರಡಿ ನಿಂತು ಎಡಕ್ಕೊಮ್ಮೆ ಬಲಕ್ಕೊಮ್ಮೆ ಕತ್ತು ಹೊರಳಿಸುತ್ತ ಎರಡೂ ಆಟ ನೋಡುತ್ತಿದ್ದರು. ಉಕ್ಕಿನ ಸೀಟಿ ಕೂಗಿದರೆ ನಾವು ತಿರುಗಿ ನೋಡುತ್ತಿರಲಿಲ್ಲ, ಪ್ಲಾಸ್ಟಿಕ್ಕಿನದು ಕೂಗಿದರೆ ಹುಡುಗರು ನಿಲ್ಲುತ್ತಿರಲಿಲ್ಲ.

ಕುಳ್ಳಗಿನ ಆಳು. ಬಿಳಿ ಪ್ಯಾಂಟು, ಬಿಳಿ ಅಂಗಿ, ಸಂಜೆಯ ಹೊತ್ತಿಗೆ ಎರಡೂ ಮೊಣಕಾಲಿನವರೆಗೆ ಕೆಂಪು. ಜೇಬಿನಲ್ಲಿ ಬಡೆಸೋಪು ಇಟ್ಟುಕೊಂಡು ಜಗಿಯುತ್ತಿದ್ದರು. ಊರು ಔರಾದ ತಾಲೂಕಿನ ಎಕಂಬಾ. ಅಲ್ಲಿನ ಹೊಲದಲ್ಲಿ ಬರಿಗಾಲಲ್ಲಿ ಫುಟ್‌ಬಾಲ್ ಕಲಿತೆನೆಂದು ಹೇಳುತ್ತಿದ್ದರು. ಬೌದ್ಧ ಮನೆತನ, ಮನೆಯ ಬಾಗಿಲ ಮೇಲೆ ಪಂಚಶೀಲದ ಪುಟ್ಟ ಬಾವುಟ. ಕನ್ನಡ, ಮರಾಠಿ, ದಖನಿ ಮೂರನ್ನೂ ಒಂದೇ ವಾಕ್ಯದಲ್ಲಿ ಆಡುತ್ತಿದ್ದರು. ಯಾರಾದರೂ ಮೊಣಕಾಲು ತರಚಿಕೊಂಡು ಕೂತರೆ ದೂರದಿಂದಲೇ ಕೂಗುತ್ತಿದ್ದರು: “ಬಿದ್ದರ ಮೊದ್ಲ ಏಳ್ರಿ! ಅಳೂದು ಆಮ್ಯಾಗ, ಪುರಸತ್ತಿಲೆ!” ಪುರಸತ್ತಾಗಿ ಅಳುವಾಗ ಗಾಯ ತೊಳೆಯಲು ತಾವೇ ನೀರು ತರುತ್ತಿದ್ದರು.

ನಮ್ಮದು ಸಂತಪುರ. ಕುರಿ ಸಾಕುವವರು, ಒಣಬೇಸಾಯದ ಒಂದಿಷ್ಟು ಹೊಲ. ನನ್ನನ್ನೂ ನನ್ನ ಅಕ್ಕನನ್ನೂ ಅಪ್ಪ ಸಿಸ್ಟರುಗಳ ಬೋರ್ಡಿಂಗಿನಲ್ಲಿ ಬಿಟ್ಟು ಓದಿಸುತ್ತಿದ್ದ. ಅಕ್ಕ ನನಗಿಂತ ಎರಡು ವರ್ಷ ಮುಂದೆ. ಅವಳಷ್ಟು ಚೆನ್ನಾಗಿ ಓಡುವವರು ಶಾಲೆಯಲ್ಲಿ ಬೇರೆ ಯಾರೂ ಇರಲಿಲ್ಲ. ಒಂಬತ್ತನೇ ಇಯತ್ತೆಯಲ್ಲಿ ಅವಳ ತಂಡ ಔರಾದಿಗೆ ಆಡಲು ಹೋಗಿತ್ತು. ಬರುವಾಗ ಕೆಲವು ಪುಂಡರು ಮೋಟಾರ್‌ಸೈಕಲ್ಲಿನಲ್ಲಿ ಇವರ ಜೀಪನ್ನು ಹಿಂಬಾಲಿಸಿ, ಸಂತಪುರದ ಬಸ್‌ಸ್ಟ್ಯಾಂಡಿನವರೆಗೂ ಬಾಯಿಗೆ ಬಂದದ್ದು ಕೂಗುತ್ತ ಬಂದರು. ಆ ದಿನ ಸರ್ ಜೊತೆಗಿರಲಿಲ್ಲ. ಹುಡುಗರ ಫುಟ್‌ಬಾಲಿಗೆ ಹೋಗಿದ್ದರು. ಊರವರ ಬಾಯಲ್ಲಿ ಆ ಸುದ್ದಿ ಏನೇನೋ ಆಯಿತು. ಅಪ್ಪ ಅಕ್ಕನನ್ನು ಮನೆಗೆ ಕರೆದುಕೊಂಡು ಹೋದ. ಮರುವರ್ಷ ಅವಳ ಮದುವೆಯಾಯಿತು.

ಸರ್ ಸುಮ್ಮನಿರಲಿಲ್ಲ. ಬಸ್ಸು ಹಿಡಿದು ಸಂತಪುರಕ್ಕೆ ಬಂದು, ನಮ್ಮ ಅಂಗಳದಲ್ಲಿ ನಿಂತು ಅಪ್ಪನಿಗೆ ಕೈಮುಗಿದು ಕೇಳಿಕೊಂಡಿದ್ದರಂತೆ. ಅಪ್ಪ ಒಪ್ಪಿರಲಿಲ್ಲ.

ನಾನು ಹತ್ತನೇ ಇಯತ್ತೆಗೆ ಬಂದ ವರ್ಷ ನಮ್ಮ ಶಾಲೆಗೆ ಒಳ್ಳೆಯ ಕಾಲ ಬಂದಿತ್ತು. ಆಟದ ಹಂಗಾಮು ಶುರುವಾಗುವ ಮುನ್ನ ಪ್ರತಿವರ್ಷ ಚಾಪೆಲ್ಲಿನ ಮುಂದೆ ಮೇಜಿನ ಮೇಲೆ ಚೆಂಡುಗಳನ್ನಿಟ್ಟು ಪ್ರಿನ್ಸಿಪಾಲ್ ಫಾದರ್ ಪವಿತ್ರ ಜಲ ಚಿಮುಕಿಸುತ್ತಿದ್ದರು. ಆ ಸಲ ನನ್ನನ್ನು ನೋಡಲು ಬಂದಿದ್ದ ಅಪ್ಪ ಹಿಂದೆ ನಿಂತು ಎಲ್ಲವನ್ನೂ ನೋಡಿ, ಫಾದರ್ ಅತ್ತ ಹೋದ ಮೇಲೆ ಸೊಂಟದ ಚೀಲದಿಂದ ಬೀರಪ್ಪನ ಭಂಡಾರ ತೆಗೆದು ಬಾಸ್ಕೆಟ್‌ಬಾಲಿಗೆ ಹಚ್ಚಿಬಿಟ್ಟ. ಚೆಂಡೆಲ್ಲ ಹಳದಿ. ನಾನು ನಾಚಿಕೆಯಿಂದ ನೆಲ ನೋಡಿದೆ. ಸರ್ ಮಾತ್ರ ಫುಟ್‌ಬಾಲನ್ನೂ ತಂದು ಅಪ್ಪನ ಮುಂದೆ ಹಿಡಿದರು. “ಇದಕ್ಕ ಭಿ ಹಚ್ರಿ. ಇಲ್ಲಂದ್ರ ಹುಡುಗ್ರು ಜಗಳಾ ತಗೀತಾರ.”

ಆ ವರ್ಷ ನಾವು ತಾಲೂಕು ಗೆದ್ದೆವು. ಹುಡುಗರೂ ಗೆದ್ದರು. ಅವರ ಗೋಲ್‌ಕೀಪರ್ ಸರ್ ಅವರ ಮಗ. ಒಂಬತ್ತನೇ ಇಯತ್ತೆಯ ಹುಡುಗ, ಅಪ್ಪನಿಗಿಂತ ಎತ್ತರ. ಶಾಲೆಯೊಳಗೆ ಅವನೂ ಅಪ್ಪನನ್ನು ‘ಸರ್’ ಎಂದೇ ಕರೆಯುತ್ತಿದ್ದ. ಜಿಲ್ಲಾ ಮಟ್ಟದಲ್ಲಿ ಎರಡೂ ತಂಡಗಳು ಫೈನಲ್ ಮುಟ್ಟಿದವು. ಆಗ ಗೊತ್ತಾಯಿತು: ಎರಡೂ ಫೈನಲ್ ಒಂದೇ ದಿನ. ಹುಡುಗರದು ಬೀದರಿನಲ್ಲಿ, ನಮ್ಮದು ಭಾಲ್ಕಿಯಲ್ಲಿ.

ಹುಡುಗಿಯರ ಜೊತೆ ಬೋರ್ಡಿಂಗಿನ ಸಿಸ್ಟರ್ ಹೋಗುವುದು, ಸರ್ ಹುಡುಗರ ಜೊತೆ ಇರುವುದು ಎಂದು ಶಾಲೆ ತೀರ್ಮಾನಿಸಿತು. ಹುಡುಗರು ಹಿಂದೆಂದೂ ಜಿಲ್ಲೆಯ ಫೈನಲ್ ಮುಟ್ಟಿರಲಿಲ್ಲ. ಸುದ್ದಿ ತಿಳಿದು ಅಪ್ಪ ಮರುದಿನವೇ ಸಂತಪುರದಿಂದ ಬಂದ. ಮೈದಾನದ ಅಂಚಿನಲ್ಲಿ, ಹೆಗಲ ಮೇಲೆ ಕಂಬಳಿ ಹಾಕಿಕೊಂಡು ನಿಂತು, ನನ್ನ ಎದುರಿಗೇ ಸರ್‌ಗೆ ಹೇಳಿದ:

“ಸರ್, ನೀವು ಹೋಗಲತ್ತಿದ್ರ ಕಳಸ್ತೇನಿ. ನೀವು ಇಲ್ಲಂದ್ರ ಇವತ್ತೇ ಮನಿಗಿ ಒಯ್ತೇನಿ.”

“ಸಿಸ್ಟರ್ ಇರ್ತಾರಲ್ಲರಿ.”

“ಸಿಸ್ಟರ್ ದೇವರಂಥವ್ರು. ಖರೇ ಅವರು ಭಿ ಹೆಣ್ಮಗಳೇ. ದೊಡ್ಡಾಕಿಗಿ ಏನಾಯ್ತು ನಿಮಗ ಗೊತ್ತದ. ಊರಾಗ ಇನ್ನೊಮ್ಮೆ ಆ ಮಾತು ಕೇಳೂ ತಾಕತ್ತು ನನಗಿಲ್ಲರಿ.”

ಮನೆಗೆ ಒಯ್ಯುವುದೆಂದರೆ ಏನೆಂದು ಅಲ್ಲಿದ್ದ ಮೂವರಿಗೂ ಗೊತ್ತಿತ್ತು. ಸರ್ ಬಾಯಲ್ಲಿದ್ದ ಬಡೆಸೋಪು ಜಗಿಯುವುದನ್ನು ನಿಲ್ಲಿಸಿದರು. ಆಚೆ ಗೋಲಿನಲ್ಲಿ ಅವರ ಮಗ ಒಂದಾದ ಮೇಲೊಂದು ಚೆಂಡು ಹಿಡಿಯುತ್ತಿದ್ದ. ಸರ್ ಒಮ್ಮೆ ಆ ಕಡೆ ನೋಡಿದರು. ಆಮೇಲೆ ಅಪ್ಪನಿಗೆ ಹೇಳಿದರು: “ಬರ್ತೇನಿ ಅಂತ ತಿಳ್ಕೋರಿ. ನಿಮ್ಮ ಮಗಳನ್ನ ಒಯ್ಯೂದು ನಾನೇ, ತಿರುಗಿ ತಂದು ಬಿಡೂದು ಭಿ ನಾನೇ.”

ಪ್ರಿನ್ಸಿಪಾಲ್ ಫಾದರ್‌ಗೆ ಬೇಸರವಾಯಿತು, ಆದರೂ ತಡೆಯಲಿಲ್ಲ. ಹುಡುಗರ ಜೊತೆ ಗಣಿತದ ಮೇಷ್ಟ್ರನ್ನು ಕಳಿಸುವುದೆಂದಾಯಿತು. ಫೈನಲ್ಲಿನ ಬೆಳಿಗ್ಗೆ ಜೀಪು ಹೊರಡುವಾಗ ಸರ್ ಮಗ ಗೇಟಿನ ಬಳಿ ಬಂದು ನಿಂತಿದ್ದ. ಕೈಗವಸು ಆಗಲೇ ಹಾಕಿಕೊಂಡಿದ್ದ. ಸರ್ ಏನೋ ಹೇಳಲು ಹೋದರು. ಅವನೇ ಮೊದಲು ಹೇಳಿದ: “ನೀವು ಹೋಗ್ರಿ ಸರ್. ನಾವು ನೋಡ್ಕೋತೇವಿ.”

ಭಾಲ್ಕಿಯ ಆ ಪಂದ್ಯ ಇವತ್ತಿಗೂ ನನಗೆ ತುಣುಕು ತುಣುಕಾಗಿ ನೆನಪಿದೆ. ಅರ್ಧದವರೆಗೂ ಹಿಂದಿದ್ದೆವು. ಸರ್ ಗೆರೆಯಾಚೆ ನಿಂತು ಒಂದೇ ಮಾತು ಹೇಳುತ್ತಿದ್ದರು: “ಬಾಲ್ ನೋಡಬ್ಯಾಡ್ರಿ, ಜಾಗಾ ನೋಡ್ರಿ!” ಕೊನೆಯ ಭಾಗದಲ್ಲಿ ಸಿಸ್ಟರ್ ಫೋನು ಹಿಡಿದು ಅವರ ಹತ್ತಿರ ಓಡಿಬಂದು ಏನೋ ಹೇಳಿದ್ದನ್ನು ಆಟದ ನಡುವೆಯೇ ಕಂಡೆ. ಸರ್ ತಲೆಯಾಡಿಸಿದರು. ಮತ್ತೆ ನಮ್ಮ ಕಡೆ ತಿರುಗಿದರು. ಧ್ವನಿಯಲ್ಲಿ ಏನೂ ಬದಲಾಗಲಿಲ್ಲ. ನಾವು ಗೆದ್ದೆವು. ಕುಣಿದೆವು, ಅತ್ತೆವು, ಸಿಸ್ಟರನ್ನು ಎತ್ತಿಕೊಂಡು ತಿರುಗಿದೆವು. ಸರ್ ಮಾತ್ರ ಆಗಲೇ ಜೀಪಿನ ಹತ್ತಿರ ಹೋಗಿ ನಿಂತಿದ್ದರು.

ಬರುವ ದಾರಿಯುದ್ದಕ್ಕೂ ನಾವು ಹಿಂದೆ ಹಾಡುತ್ತಿದ್ದೆವು. ಸರ್ ಡ್ರೈವರ್ ಪಕ್ಕ ಕೂತು ರಸ್ತೆ ನೋಡುತ್ತಿದ್ದರು. ಬೀದರ ಮುಟ್ಟಿದ ಮೇಲೆ ಜೀಪು ಶಾಲೆಯ ಕಡೆ ತಿರುಗದೆ ಆಸ್ಪತ್ರೆಯ ಕಡೆ ತಿರುಗಿತು. ಆಗ ಸಿಸ್ಟರ್ ಮೆಲ್ಲಗೆ ಹೇಳಿದರು. ಸರ್ ಮಗ ಎದುರಾಳಿಯ ಕಾಲಿಗೆ ಅಡ್ಡ ಹಾರಿ ಚೆಂಡು ಹಿಡಿಯಲು ಹೋಗಿ ಮೊಣಕೈ ಮುರಿದುಕೊಂಡಿದ್ದ. ಫೋನು ಬಂದಾಗ ಸರ್ ಕೇಳಿದ್ದು ಒಂದೇ ಮಾತಂತೆ: “ಹೋಷ್ ಅದ ಏನ್ರಿ ಅವನಿಗಿ?” ಎಚ್ಚರವಿದ್ದಾನೆ ಎಂದು ತಿಳಿದ ಮೇಲೆ ಹೇಳಿದ್ದು: “ಹುಡುಗೀರಿಗಿ ಹೇಳಬ್ಯಾಡ್ರಿ. ಆಟ ಮುಗೀಲಿ.”

ಹಾಡು ನಿಂತಿತು. ನಾವೂ ಅವರ ಹಿಂದೆ ಆಸ್ಪತ್ರೆಯೊಳಗೆ ಹೋದೆವು. ಮಂಚದ ಪಕ್ಕದಲ್ಲಿ ಸರ್ ಅವರ ಹೆಂಡತಿ ಕೂತಿದ್ದರು. “ಬಂದ್ರಿ?” ಎಂದರು, ಅಷ್ಟೇ. ಹುಡುಗನ ಕೈಗೆ ಪ್ಲಾಸ್ಟರ್ ಹಾಕಿತ್ತು.

“ಗೆದ್ರಾ?” ಎಂದು ಕೇಳಿದ.

“ಗೆದ್ದಾರ,” ಎಂದರು ಸರ್.

“ನಾವು ಸೋತ್ವಿ.”

ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ. ಸರ್ ಸ್ಟೂಲು ಖಾಲಿಯಿದ್ದರೂ ಮಂಚದ ಬುಡದಲ್ಲಿ ನೆಲದ ಮೇಲೆ ಕೂತರು. ಅವರು ಹಾಗೆ ನೆಲದ ಮೇಲೆ ಕೂತದ್ದನ್ನು ನಾನು ಅದೇ ಮೊದಲು ನೋಡಿದ್ದು. ನಾವು ವಾರ್ಡಿನ ಬಾಗಿಲಿನಿಂದಲೇ ಹಿಂದಿರುಗಿದೆವು. ನನ್ನನ್ನು ಬೋರ್ಡಿಂಗಿನಲ್ಲಿ ಕಾಯುತ್ತಿದ್ದ ಅಪ್ಪನಿಗೆ ಒಪ್ಪಿಸಲು ಮಾತ್ರ ಅವರೇ ಎದ್ದು ಬಂದರು. ಕೊಟ್ಟ ಮಾತು ಮುಗಿಸಿ ಮತ್ತೆ ಆಸ್ಪತ್ರೆಗೆ ನಡೆದರು.

ಮುಂದಿನ ಹಂತಕ್ಕೆ ನಾವು ಕಲಬುರಗಿಗೆ ಹೋದೆವು. ಮೊದಲ ಪಂದ್ಯದಲ್ಲೇ ಸೋತೆವು, ಅದೂ ಕೆಟ್ಟದಾಗಿ. ನನಗೆ ಅಳು ತಡೆಯಲಾಗಲಿಲ್ಲ. ಇಷ್ಟಕ್ಕಾಗಿ ಅವರು ಮಗನ ಪಂದ್ಯ ಬಿಟ್ಟು ಬಂದರೇ ಎಂಬ ಸಂಕಟ. ಸರ್ ಹತ್ತಿರ ಬಂದು ಕೂತರು. “ನೀವು ಗೆಲ್ತೀರಿ ಅಂತ ನಾ ಭಾಲ್ಕಿಗಿ ಬಂದಿದ್ದಿಲ್ಲವ್ವಾ,” ಎಂದರು. “ನಿಮ್ಮಕ್ಕನ್ನ ಉಳಿಸ್ಕೊಳ್ಳಾಕ ಆಗಿದ್ದಿಲ್ಲ ನನಗ. ಅದಕ್ಕ ಬಂದೆ.” ಆಮೇಲೆ ಜೇಬಿನಿಂದ ಬಡೆಸೋಪು ತೆಗೆದು ಕೊಟ್ಟರು.

ಅಪ್ಪ ನನ್ನನ್ನು ಮತ್ತೆ ಮನೆಗೆ ಕರೆಯಲಿಲ್ಲ. ಕಾಲೇಜು ಓದಿದೆ, ಕಲಬುರಗಿಯಲ್ಲಿ ಎಂ.ಎ. ಮಾಡಿದೆ. ಈಗ ಅದೇ ಭಾಲ್ಕಿಯ ಒಂದು ಪಿಯು ಕಾಲೇಜಿನಲ್ಲಿ ಕನ್ನಡ ಕಲಿಸುತ್ತೇನೆ. ಸರ್ ಮಗನ ಮೊಣಕೈ ಪೂರ್ತಿ ನೇರವಾಗಲಿಲ್ಲ. ಅವನು ಮತ್ತೆ ಗೋಲಿನಲ್ಲಿ ನಿಲ್ಲಲಿಲ್ಲ. ಅಪ್ಪ ಮಗನ ನಡುವೆ ಮಾತು ಕಡಿಮೆಯಾಯಿತೆಂದು ಅವರಿವರು ಹೇಳುತ್ತಿದ್ದರು. ನಾನು ಹೋದಾಗಲೆಲ್ಲ ಸರ್ ನನ್ನ ವಿದ್ಯಾರ್ಥಿಗಳ ಬಗ್ಗೆ ಕೇಳುತ್ತಿದ್ದರು, ಮಗನ ಬಗ್ಗೆ ಏನೂ ಹೇಳುತ್ತಿರಲಿಲ್ಲ.

ನಿವೃತ್ತರಾದ ಮೇಲೆ ಸರ್‌ಗೆ ಲಕ್ವ ಹೊಡೆಯಿತು. ಒಂದು ಕಡೆಯ ಕೈಕಾಲು ಹೋಯಿತು, ಮಾತು ತೊದಲಿತು. ನೋಡಲು ಹೋದ ದಿನ ಮಗ ಅವರನ್ನು ಕುರ್ಚಿಯಲ್ಲಿ ಕೂರಿಸಿ ಗಡ್ಡ ಹೆರೆಯುತ್ತಿದ್ದ. ಬೀದರಿಗೆ ಹತ್ತಿದ ಕೊಳಾರದ ಒಂದು ಗೋದಾಮಿನಲ್ಲಿ ಅವನಿಗೆ ಕೆಲಸ. ಪಾಳಿ ಮುಗಿಸಿ ಬಂದು ಅಪ್ಪನ ಸ್ನಾನ, ಊಟ ಎಲ್ಲವನ್ನೂ ತಾನೇ ಮಾಡುತ್ತಿದ್ದ. ಗಲ್ಲ ಹಿಡಿದು ಮೆಲ್ಲಗೆ ಕತ್ತಿ ಎಳೆಯುತ್ತಿದ್ದರೆ ಸರ್ ಕಣ್ಣು ಮುಚ್ಚಿ ಕೂತಿದ್ದರು.

ಹೊರಡುವಾಗ ಬಾಗಿಲವರೆಗೆ ಬಂದವನಿಗೆ ನಾನು, “ಅವರು ಆವತ್ತು ಬರಲಿಲ್ಲಂದ್ರ ನಾ ಇವತ್ತು ಎಲ್ಲಿರ್ತಿದ್ನೋ,” ಎಂದೆ.

“ಗೊತ್ತದ ಅಕ್ಕಾ,” ಎಂದ. “ಹೋಗ್ರಿ ಅಂತ ನಾನೇ ಅಂದಿದ್ದೆ. ಅಂದದ್ದು ಬಾಯಿಲೆ ಅಷ್ಟೇ. ಅದು ಅವರಿಗಿ ತಿಳೀತು. ತಿಳಿದು ಭಿ ಹೋದ್ರು.” ಮತ್ತೆ ಸೇರಿಸಿದ: “ಅವರು ಮಾಡಿದ್ದು ತಪ್ಪಿದ್ರ ಸಿಟ್ಟು ಮಾಡ್ಕೋಬಹುದಿತ್ತು. ತಪ್ಪಿರ್ಲಿಲ್ಲ ನೋಡ್ರಿ. ಸಿಟ್ಟು ಎಲ್ಲಿ ಇಡಬೇಕು ತಿಳೀಲಿಲ್ಲ ನನಗ.”

ಆ ಚಳಿಗಾಲ ಸರ್ ತೀರಿಕೊಂಡರು. ಸುದ್ದಿ ತಿಳಿದು ನಾನು ಭಾಲ್ಕಿಯಿಂದ ಬಂದೆ. ಹಳೆಯ ವಿದ್ಯಾರ್ಥಿಗಳು ಓಣಿಯ ತುಂಬ ನಿಂತಿದ್ದರು. ಫಾದರ್, ಸಿಸ್ಟರುಗಳು ಬಂದಿದ್ದರು. ಬೌದ್ಧ ಭಿಕ್ಷು ಭಂತೇಜಿ ತ್ರಿಶರಣ ಹೇಳಿದರು. ಬಿಳಿ ಬಟ್ಟೆಯ ಹೆಂಗಸರು ದನಿಗೂಡಿಸಿದರು. ಅಷ್ಟರಲ್ಲಿ ಗುಂಪಿನ ಅಂಚಿನಲ್ಲಿ ಅಪ್ಪನನ್ನು ಕಂಡೆ. ನಾನು ಫೋನಿನಲ್ಲಿ ಸುದ್ದಿ ಹೇಳಿದ್ದೆ, ಬಾ ಎಂದಿರಲಿಲ್ಲ. ನಮ್ಮ ಜಾತಿಯವರು ದಲಿತರ ಓಣಿಯ ಸಾವಿಗೆ ಹೋಗುವವರಲ್ಲ, ಹೋದರೂ ದೂರ ನಿಲ್ಲುವವರು. ಕಂಬಳಿ ಹೊದ್ದ ಮುದುಕ ಜನರನ್ನು ಸರಿಸಿಕೊಂಡು ನೇರ ಸರ್ ಮಗನ ಮುಂದೆ ಬಂದು ನಿಂತ.

“ತಮ್ಮಾ, ಆವತ್ತು ನಿಮ್ಮಪ್ಪನ್ನ ನಿನ್ನ ಕಡಿಂದ ಕಸ್ಕೊಂಡಾಂವ ನಾನು,” ಎಂದ. “ನನ್ನ ಮಗಳ ಸಲುವಾಗಿ. ನಿನಗ ಹೇಳಬೇಕಂತ ಬೀದರಕ್ಕ ಬಂದಾಗೆಲ್ಲ ಅನ್ಕೋತಿದ್ದೆ. ಬಾಯಿ ಏಳ್ಲಿಲ್ಲ.”

“ಇರ್ಲಿ ಬಿಡ್ರಿ ಕಾಕಾ.”

“ಇರ್ಲಿ ಅನಬ್ಯಾಡ. ಅವರಿಗಿ ನಾ ಹೆಗಲು ಕೊಡ್ತೇನಿ. ಒಲ್ಲೆ ಅನಬ್ಯಾಡಪಾ.”

ಸರ್ ಮಗ ನಮ್ಮಪ್ಪನನ್ನು ನೋಡುತ್ತ ನಿಂತ. ಆಸ್ಪತ್ರೆಯ ಮಂಚದ ಮೇಲೆ ಅಳದವನು, ಬೆಳಗಿನಿಂದ ಎಲ್ಲರಿಗೂ ನೀರು ಕುರ್ಚಿ ಕೊಡುತ್ತ ಓಡಾಡುತ್ತಿದ್ದವನು, ಅಪ್ಪನ ಕಂಬಳಿಗೆ ಮುಖ ಒತ್ತಿ ಜೋರಾಗಿ ಅತ್ತ. ಅಪ್ಪ ಅವನ ಬೆನ್ನ ಮೇಲೆ ಕೈಯಿಟ್ಟು, ಕುರಿಮರಿಯನ್ನು ಸವರುವ ಹಾಗೆ ಸವರುತ್ತ ನಿಂತಿದ್ದ. ಯಾರೂ ಅವಸರ ಮಾಡಲಿಲ್ಲ.

ಚಟ್ಟ ಎದ್ದಾಗ ಮುಂದಿನ ಎರಡು ಕಡೆ ಅವರಿಬ್ಬರೂ ಇದ್ದರು. ಹಿರಿಯರು ದಣಿಯುತ್ತಾರೆಂದು ತರುಣರು ಮತ್ತೆ ಮತ್ತೆ ಬಂದು ಹೆಗಲು ಬದಲಿಸಲು ಕೇಳಿದರು, ಅಪ್ಪ ಬಿಡಲಿಲ್ಲ. ನಾನು ಹೆಂಗಸರ ಜೊತೆ ಹಿಂದೆ ನಡೆಯುತ್ತಿದ್ದೆ. ಸರ್ ಮಗ ಎತ್ತರ, ಅಪ್ಪ ಗಿಡ್ಡ. ಮುದುಕನ ಹೆಗಲಿಗೆ ಭಾರ ಹೆಚ್ಚು ಬೀಳಬಾರದೆಂದು ಅವನು ಸ್ಮಶಾನದವರೆಗೂ ಮೊಣಕಾಲು ಬಾಗಿಸಿಕೊಂಡೇ ನಡೆದ.