ಗುರುವಾರವೇ ಬರೆದಿಟ್ಟ ಶನಿವಾರದ ಪಾಠ

ಬ್ನೇ ಬ್ರಾಕ್ ಪಟ್ಟಣದ ನಮ್ಮ ಯೆಹೂದಿ ಓಣಿಯಲ್ಲಿ ರೆಬ್ ಫೈವಿಶ್ ಅಂದರೆ ವಿದ್ವತ್ತು, ಅವರ ಹೆಂಡತಿ ಪೆಸ್ಯಾ ಅಂದರೆ ಮೀನು. ಶನಿವಾರದ ಸಬ್ಬತ್ತಿಗೆ ಅವಳು ಮಾಡುವ ಮೀನಿನ ಉಂಡೆಯನ್ನು ಹೊಗಳದವರಿಲ್ಲ. ಆ ತಲೆಯೊಳಗೂ ಏನಾದರೂ ಇದ್ದೀತೇ ಎಂದು ಯೋಚಿಸುವ ಪುರುಸೊತ್ತು ಮಾತ್ರ ಯಾರಿಗೂ ಇರಲಿಲ್ಲ.

ಪೆಸ್ಯಾಳ ಅಪ್ಪ ಹುಡುಗರಿಗೆ ಧರ್ಮಗ್ರಂಥ ತೋರಾ ಕಲಿಸುವ ಮೇಷ್ಟ್ರು. ಒಂದೇ ಕೋಣೆಯ ಮನೆ. ಈಚೆ ಪಾಠ, ಆಚೆ ಒಲೆ. ಪಾಠದ ಕಡೆಯ ಹುಡುಗರು ತೂಕಡಿಸುತ್ತಿದ್ದರೆ ಒಲೆಯ ಕಡೆಯ ಹುಡುಗಿ ಮೈಯೆಲ್ಲ ಕಿವಿಯಾಗಿ ಕೂತಿರುತ್ತಿದ್ದಳು. ಹನ್ನೆರಡು ತುಂಬುವಷ್ಟರಲ್ಲಿ ವಾರಕ್ಕೊಂದರಂತೆ ವರ್ಷವಿಡೀ ಓದುವ ತೋರಾದ ಅಷ್ಟೂ ಭಾಗಗಳು, ಅವುಗಳ ಮೇಲೆ ರಾಷಿ ಬರೆದ ವ್ಯಾಖ್ಯಾನ ಸಮೇತ, ಅವಳಿಗೆ ಬಾಯಿಪಾಠ. ಒಂಬೈನೂರು ವರ್ಷದ ಹಿಂದಿನ ಆ ಮಹಾನುಭಾವರು ಒಂದು ಮಾತನ್ನೂ ಸುಮ್ಮನೆ ಆಡಿದವರಲ್ಲ. ಆದ್ದರಿಂದ ಅವರು ಎಲ್ಲಿ ಬಾಯಿಬಿಟ್ಟಿದ್ದಾರೋ ಅಲ್ಲಿ ನಿಂತು, "ರಾಷಿಗೆ ಇಲ್ಲಿ ಚುಚ್ಚಿದ್ದೇನು?" ಎಂದು ಕೇಳಿ ಮೂಲದ ತೊಡಕನ್ನು ಹುಡುಕುವುದೇ ನಮ್ಮವರ ಓದು. ಅಪ್ಪ ಕೇಳಿ ಮುಗಿಸುವ ಮೊದಲೇ ಪೆಸ್ಯಾ ಉತ್ತರ ಹೇಳುತ್ತಿದ್ದಳು. "ಗಂಡಾಗಿ ಹುಟ್ಟಬೇಕಿತ್ತಮ್ಮಾ ನೀನು," ಎನ್ನುತ್ತಿದ್ದ ಅಪ್ಪ. ಪಾಪ, ಅವನ ಲೆಕ್ಕದಲ್ಲಿ ಅದು ಹೊಗಳಿಕೆ.

ಫೈವಿಶ್ ಟೋಪಿ ಅಂಗಡಿಯ ಗುಮಾಸ್ತ. ಗಡ್ಡ ಚೆನ್ನಾಗಿತ್ತು, ಕಂಠ ಇನ್ನೂ ಚೆನ್ನಾಗಿತ್ತು, ತಲೆ ಮಾತ್ರ ಸಾಧಾರಣ. ಗಡ್ಡ ಕಂಠಗಳನ್ನು ನೋಡಿಯೇ ಓಣಿಯ ಪ್ರಾರ್ಥನಾಮಂದಿರದವರು ಸಬ್ಬತ್ತಿನ ಸಂಜೆಯ ಪಾಠವನ್ನು ಅವನಿಗೆ ಒಪ್ಪಿಸಿದರು. ಮೊದಲ ವಾರ ಅವನು ಗುರುವಾರವೇ ಅಡುಗೆಮನೆಗೆ ಬಂದು ಕುಕ್ಕರಿಸಿದ.

"ಏನೇ, ಈ ವಾರ ಏನ್ ಹೇಳ್ಲೇ? ಕೈಕಾಲೇ ಆಡ್ತಿಲ್ಲ ನಂಗೆ."

ಪೆಸ್ಯಾ ಈರುಳ್ಳಿ ಹೆಚ್ಚುತ್ತಲೇ ಹೇಳಿದಳು. ಅವನು ಸಬ್ಬತ್ತಿನಲ್ಲಿ ಅದನ್ನೇ ಹೇಳಿದ. ಜನ ತಲೆದೂಗಿದರು. ಹಾಗೆ ಶುರುವಾದದ್ದು ಮೂವತ್ತೊಂದು ವರ್ಷ ನಡೆಯಿತು.

ಅವನಿಗೆ ಮರೆವು ಜಾಸ್ತಿ. ಆದ್ದರಿಂದ ಅವಳು ಗುರುವಾರವೇ ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದು ಕೊಡುತ್ತಿದ್ದಳು. ಸಬ್ಬತ್ತಿನ ದಿನ ಪೆನ್ನು ಮುಟ್ಟುವಂತಿಲ್ಲವಲ್ಲ! ನೋಟ್‌ಬುಕ್ಕುಗಳ ಸುದ್ದಿ ಹೊರಬಿದ್ದಾಗ ಮಂದಿರದ ಹಿರಿಯ ರೆಬ್ ಕಾಲ್ಮನ್ ತಮಗೆ ತೋಚಿದ ಹಾಗೆ ಅರ್ಥ ಮಾಡಿಕೊಂಡರು. "ಎಂಥಾ ಜ್ಞಾಪಕಶಕ್ತಿ ರೀ ಆ ತಾಯಿದು! ಗಂಡ ಹೇಳಿದ್ದನ್ನೆಲ್ಲ ನಕ್ಷತ್ರ ಮೂಡಿ ಸಬ್ಬತ್ತು ಮುಗಿಯೋವರೆಗೂ ತಲೇಲಿ ಹಿಡ್ಕೊಂಡು, ಆಮೇಲೆ ಅಕ್ಷರ ಬಿಡದೆ ಬರೀತಾಳಂತೆ!" ಫೈವಿಶ್ ಗಡ್ಡ ನೀವಿಕೊಂಡ.

ಇದೇ ಫೈವಿಶ್ ಬೇರೆಯವರ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಒಬ್ಬರ ಮಾತನ್ನು ಅವರ ಹೆಸರಿನಲ್ಲೇ ಹೇಳುವವನು ಲೋಕಕ್ಕೆ ಬಿಡುಗಡೆ ತರುತ್ತಾನೆ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಅಂಗಡಿಗೆ ಬಂದ ಗಿರಾಕಿ ಒಂದು ಒಳ್ಳೆಯ ಮಾತು ಆಡಿದ್ದರೂ, "ಹೈಫಾದ ಒಬ್ಬ ಟೈಲರ್ ಹೇಳಿದ್ದು" ಎಂದೇ ಶುರುಮಾಡುತ್ತಿದ್ದ. ಪೆಸ್ಯಾಳ ಮಾತು ಬಂದಾಗ ಮಾತ್ರ, "ನನಗೆ ತೋರುವ ಮಟ್ಟಿಗೆ." ಪರದೆಯ ಹಿಂದೆ, ಹೆಂಗಸರ ಬೆಂಚಿನಲ್ಲಿ ಕೂತು ಅವಳು ಅದನ್ನು ಕೇಳುತ್ತಿದ್ದಳು. ಮೊದಮೊದಲು ಹೆಮ್ಮೆಯೇ ಆಗುತ್ತಿತ್ತು. ಆಮೇಲಾಮೇಲೆ ಆ ಮೂರು ಶಬ್ದ ಕಿವಿಗೆ ಬಿದ್ದರೆ ಸಾಕು, ಕೈಯಲ್ಲಿದ್ದ ಪುಸ್ತಕವನ್ನು ಪಟ್ಟನೆ ಮುಚ್ಚಿಬಿಡುತ್ತಿದ್ದಳು.

ಫೈವಿಶ್‌ಗೆ ಎಪ್ಪತ್ತು ತುಂಬಿದಾಗ ಪಾಠಗಳನ್ನೆಲ್ಲ ಪುಸ್ತಕ ಮಾಡಬೇಕೆಂದು ಮಂದಿರದವರು ತೀರ್ಮಾನಿಸಿದರು. ನೋಟ್‌ಬುಕ್ಕುಗಳನ್ನು ಕಟ್ಟಿ ಕೊಡುವಾಗ ಪೆಸ್ಯಾ ಜನ್ಮದಲ್ಲಿ ಮೊದಲ ಸಲ ಬಾಯಿಬಿಟ್ಟು ಕೇಳಿದಳು.

"ಮುನ್ನುಡೀಲಿ ಒಂದೇ ಒಂದು ಸಾಲು ಹಾಕ್ರೀ. ಇದರಲ್ಲಿ ಪೆಸ್ಯಾ ಹೇಳಿದ್ದೂ ಇದೆ ಅಂತ. ಎಲ್ಲಾ ನಂದು ಅಂತ ಬೇಡ. ಇದೆ ಅಂತ, ಅಷ್ಟೇ."

"ಆಗ್ಲಿ ಬಿಡೇ, ಅದಕ್ಕೇನಂತೆ," ಅಂದ ಫೈವಿಶ್.

ಚಳಿಗಾಲದ ಮೊದಲ ಮಳೆಯ ವಾರ ಪುಸ್ತಕ ಬಂತು. ಪೆಸ್ಯಾ ಕೈ ತೊಳೆದು, ಒರೆಸಿಕೊಂಡು, ಮುನ್ನುಡಿ ತೆರೆದಳು. ಕೊನೆಯಲ್ಲಿ ಸಾಲು ಇತ್ತು: "ಮನೆಯ ಚಿಂತೆಯನ್ನೆಲ್ಲ ತಾನೇ ಹೊತ್ತು, ಹೊತ್ತು ಹೊತ್ತಿಗೆ ಊಟವಿಕ್ಕಿ, ನನ್ನನ್ನು ಓದಿಗೆ ಬಿಟ್ಟುಕೊಟ್ಟ ನನ್ನ ಮನೆಯಾಕೆಗೆ ದೇವರು ಆಯುಸ್ಸು ಕೊಡಲಿ." ಹೆಸರು ಕೂಡ ಇರಲಿಲ್ಲ. ಹೈಫಾದ ಟೈಲರ್ ನಲವತ್ತನೇ ಪುಟದಲ್ಲಿ ಹಾಗೇ ಇದ್ದ.

"ಇದೇನ್ರೀ ಇದು?"

"ನಿನ್ನ ಹೆಸರು ಹಾಕಿದ್ರೆ ಪುಸ್ತಕ ಯಾರು ಮುಟ್ತಾರೆ ಹೇಳು? ವಿಷಯ ಮುಖ್ಯಾನೋ, ಹೆಸರು ಮುಖ್ಯಾನೋ?"

"ವಿಷಯ ಮುಖ್ಯ ಅಂದ್ರೆ ನಿಮ್ಮ ಹೆಸರು ಯಾಕೆ ಅಷ್ಟು ದಪ್ಪಗೆ ಹಾಕಿಸಿದ್ರಿ?"

ಅವನಿಗೆ ಉತ್ತರ ಹೊಳೆಯಲಿಲ್ಲ. ಹೊಳೆಯದಿದ್ದಾಗಲೆಲ್ಲ ಅವಳೇ ಹೇಳಿಕೊಡುತ್ತಿದ್ದಳು. ಈ ಸಲ ಹೇಳಿಕೊಡಲಿಲ್ಲ.

ಆ ಗುರುವಾರ ಅವನು ಅಡುಗೆಮನೆಗೆ ಬಂದು, "ಈ ವಾರ ರಾಷಿಗೆ ಏನೇ ಚುಚ್ಚಿರೋದು?" ಎಂದ. "ಏನೂ ಚುಚ್ಚಿಲ್ಲ. ಆರಾಮಾಗಿದ್ದಾರೆ," ಎಂದಳು ಪೆಸ್ಯಾ, ಮೀನಿನ ಮುಳ್ಳು ತೆಗೆಯುತ್ತ. ಅವನು ಹೊರಟುಹೋದ. ಹೇಗೂ ಅಚ್ಚಾದ ಪುಸ್ತಕ ಇತ್ತಲ್ಲ.

ಸಬ್ಬತ್ತಿನ ಸಂಜೆ ಮಂದಿರ ಕಿಕ್ಕಿರಿದಿತ್ತು. ಮೇಜಿನ ಮೇಲೆ ಬ್ರೆಡ್ಡು, ಉಪ್ಪು ಮೀನು, ಹೊಸ ಪುಸ್ತಕದ ರಾಶಿ. ಆ ವಾರದ ಭಾಗದ ಕತೆ ಇದು: ದಾಸಿ ಹಾಗರಳನ್ನೂ ಅವಳ ಮಗನನ್ನೂ ಹೊರಗೆ ಕಳಿಸೆಂದು ಅಬ್ರಹಾಮನಿಗೆ ಅವನ ಹೆಂಡತಿ ಸಾರಾ ಹೇಳುತ್ತಾಳೆ. ಆ ಹುಡುಗ ಅಬ್ರಹಾಮನದೇ ಮಗ, ಅವನಿಗೆ ಅದು ಸಂಕಟ. ಆಗ ದೇವರು, "ಸಾರಾ ಏನು ಹೇಳಿದರೂ ಕೇಳು" ಎನ್ನುತ್ತಾನೆ. ಫೈವಿಶ್ ರಾಷಿಯ ಸಾಲನ್ನು ರಾಗವಾಗಿ ಓದಿದ: "ದೈವದ ಮಾತು ತಿಳಿಯುವುದರಲ್ಲಿ ಅಬ್ರಹಾಮ ಸಾರಾಳಿಗಿಂತ ಕೆಳಗಿದ್ದನೆಂದು ಇದರಿಂದ ತಿಳಿಯುತ್ತದೆ."

ಓಣಿಯ ಯಾರದೋ ಮನೆಗೆ ಹೊಸದಾಗಿ ಬಂದ ಅಳಿಯ ನಾಫ್ತಾಲಿ ತಡೆದ. "ರೆಬ್ ಫೈವಿಶ್, ಒಂದು ಅನುಮಾನ. ದೇವರು ಅಬ್ರಹಾಮನ ಹತ್ರ ನೇರವಾಗೇ ಮಾತಾಡ್ತಿದ್ದಾನಲ್ಲ? 'ಕಳಿಸು' ಅಂತ ತಾನೇ ಹೇಳಿದ್ರೆ ಆಗ್ತಿತ್ತು. ಹೆಂಡ್ತಿ ಮಾತು ಕೇಳು ಅಂತ ಯಾಕೆ ಸುತ್ತಿ ಬಳಸಿ?"

ಫೈವಿಶ್ ಪುಸ್ತಕದ ಹಾಳೆ ತಿರುವಿದ. ಹಿಂದಕ್ಕೆ ತಿರುವಿದ. ಅದರಲ್ಲಿ ಈ ಪ್ರಶ್ನೆ ಇರಲಿಲ್ಲ. ಗಡ್ಡ ನೀವಿದ, ಕೆಮ್ಮಿದ. ಮಂದಿರ ಕಾಯುತ್ತಿತ್ತು. ಪರದೆಯ ಹಿಂದೆ ಪೆಸ್ಯಾ ಸೆರಗಿನಂತೆ ತಲೆಗೆ ಕಟ್ಟಿದ ಬಟ್ಟೆಯ ತುದಿಯನ್ನು ಬೆರಳಿಗೆ ಸುತ್ತುತ್ತ ಕೂತಿದ್ದಳು. ಒದ್ದಾಡಲಿ ಎಂದು ಒಂದು ಮನಸ್ಸು. ಆದರೆ ಉತ್ತರ ಗೊತ್ತಿದ್ದೂ ನುಂಗಿಕೊಳ್ಳುವುದು ಅವಳಿಂದ ಅಪ್ಪನ ಒಲೆಯ ಮುಂದೆಯೂ ಆಗಿರಲಿಲ್ಲ. ಎದ್ದು ನಿಂತಳು. ಗಂಡಸರ ಕೋಣೆಗೆ ಕೇಳುವಂತೆ, ಮೂವತ್ತೊಂದು ವರ್ಷದಲ್ಲಿ ಮೊದಲ ಸಲ, ತನ್ನದೇ ದನಿಯಲ್ಲಿ ಹೇಳಿದಳು:

"ತಾನೇ ಹೇಳಿದ್ರೆ ಅದೊಂದು ಅಪ್ಪಣೆ ಆಗ್ತಿತ್ತು, ಅಷ್ಟೇ. ಒಂದೇ ಗುಡಾರದಲ್ಲಿದ್ದೂ ಅವಳಿಗೆ ಕಂಡಿದ್ದು ಅಬ್ರಹಾಮನಿಗೆ ಕಂಡಿರ್ಲಿಲ್ಲ. ಅದು ಅವನಿಗೆ ಗೊತ್ತಾಗ್ಬೇಕಿತ್ತು. ಕಂಡಿದ್ದು ಯಾರಿಗೆ ಅಂತ ದೇವರೇ ಹೆಸರು ಹಿಡಿದು ಹೇಳ್ದ."

ಪೆಸ್ಯಾ ನಿಂತೇ ಇದ್ದಳು. ಈಗ ಗೊತ್ತಾಗುತ್ತದೆ, ಈಗಲಾದರೂ ಗೊತ್ತಾಗಲೇಬೇಕು ಅನ್ನಿಸಿತು.

ರೆಬ್ ಕಾಲ್ಮನ್ ಮೇಜು ಕುಟ್ಟಿ ಎದ್ದರು. ಮುದುಕನ ಕಣ್ಣಲ್ಲಿ ನೀರು. "ಕೇಳಿದ್ರೇನ್ರಪ್ಪಾ! ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾ ಫೈವಿಶ್ ವಿದ್ವತ್ತಿಗೆ? ಅನ್ನ ಹಾಕೋ ಹೆಂಗಸು ಕೂಡ ಅವರ ಹತ್ರ ಕೂತೂ ಕೂತೂ ಎಲ್ಲಿಗೆ ಮುಟ್ಟಿದ್ದಾಳೆ ನೋಡಿ! ಹೂವಿನ ಜೊತೆ ನಾರೂ ಸ್ವರ್ಗ ಸೇರ್ತು!"

ಮಂದಿರವೆಲ್ಲ ಹೌದು ಹೌದೆಂದಿತು. ನಾಫ್ತಾಲಿ ಹೋಗಿ ಫೈವಿಶ್‌ನ ಕೈ ಕುಲುಕಿದ. ಹೆಂಗಸರ ಬೆಂಚಿನಿಂದ ಯಾರೋ ಪೆಸ್ಯಾಳ ಭುಜ ತಟ್ಟಿ, "ಪುಣ್ಯವಂತೆ ಕಣೇ ನೀನು," ಎಂದರು.

ಫೈವಿಶ್ ನಗುತ್ತಿದ್ದ. "ಮನೇಲಿ ನಾನು ಒಬ್ಬನೇ ಗೊಣಗ್ತಾ ಇರ್ತೀನಿ," ಎಂದ. "ಪಾಪ, ಎಲ್ಲಾ ಕೇಳಿಸ್ಕೊಂಡಿರ್ತಾಳೆ." ಹಾಗೆ ಅಂದವನೇ ಹಾಳೆ ತಿರುವಿ ಮುಂದಿನ ವಾಕ್ಯ ಓದತೊಡಗಿದ.