ನಲವತ್ತಕ್ಕೆ ನಲವತ್ತು

ಉಮಾಶ್ರೀ ಧಾರವಾಡದಲ್ಲಿ ರಸಾಯನಶಾಸ್ತ್ರ ಓದಿದವಳು. ಫ್ರೀಮಾಂಟಿನ ಲ್ಯಾಬೊಂದರಲ್ಲಿ ಹದಿನಾಲ್ಕು ವರ್ಷದಿಂದ ಕೆಲಸ. ಅಲ್ಲಿ ಜೊತೆಗೆ ಊಟಕ್ಕೆ ಕೂರುವ ಮೆಕ್ಸಿಕೋದ ಹೆಂಗಸರಿಂದ ಅವಳಿಗೆ ಸ್ಪ್ಯಾನಿಶ್ ಬಂತು. ಈಗ ಶನಿವಾರ ಬೆಳಿಗ್ಗೆ ಲೈಬ್ರರಿಯಲ್ಲಿ ಆರು ಮಂದಿ ಚೀನೀಯರಿಗೆ ಆ ಭಾಷೆಯ ಮೊದಲ ಪದಗಳನ್ನು ಕಲಿಸುತ್ತಾಳೆ. ಅವಳಿಗೆ ಚೀನೀ ಬಾರದು. ಅದನ್ನು ಎಐ ನೋಡಿಕೊಳ್ಳುತ್ತದೆ: ಫೋನಿನಲ್ಲಿ ಒಂದೊಂದು ಪದಕ್ಕೂ ಚಿತ್ರ, ಚೀನೀ ಅರ್ಥ, ನೆನಪಿಡಲು ಪುಟ್ಟ ಕಥೆ.

"ಚೀನಾದವ್ರಿಗೆ ಸ್ಪ್ಯಾನಿಶ್ ಕಲಿಸಾಕ ಧಾರವಾಡದಾಕಿನ ಬೇಕಾದ್ಲೇನ?" ಎಂದು ಗಂಡ ಸಿದ್ಧಾರೂಢ ಕಾಡುತ್ತಿದ್ದ.

ಆರು ಮಂದಿಯಲ್ಲಿ ಲಿನ್ ಮೇಹ್ವಾಗೆ ಮಾತ್ರ ಅವಸರ. ಅರವತ್ತೊಂದರ ವಯಸ್ಸಿನಲ್ಲಿ ಆಕೆಗೆ ವೃದ್ಧಾಶ್ರಮವೊಂದರ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿತ್ತು. ಅಲ್ಲಿ ಎಲ್ಲರದೂ ಸ್ಪ್ಯಾನಿಶ್. ಆರು ವಾರ ಕಳೆದು ಬರುವ ಸೋಮವಾರ ಒಂದು ದಿನ ನೋಡುತ್ತೇವೆ, ಹೇಳಿದ್ದು ತಿಳಿಯದಿದ್ದರೆ ಮಂಗಳವಾರ ಬರುವುದು ಬೇಡ ಎಂದಿದ್ದರು. ಅವಳಿಗೆಂದೇ ಉಮಾಶ್ರೀ ಅಡುಗೆಮನೆಯ ನಲವತ್ತು ಪದ ಆರಿಸಿ ಎಲ್ಲರಿಗೂ ಅವನ್ನೇ ಕಲಿಸಿದ್ದಳು. ಆರು ವಾರಕ್ಕೆ ಎಐ ತೋರಿಸಿದ ಅಂಕ ನಲವತ್ತಕ್ಕೆ ನಲವತ್ತು.

ಕೊನೆಯ ಶನಿವಾರ ಉಮಾಶ್ರೀ ಮನೆಯಿಂದ ಸೌಟು, ತಟ್ಟೆ, ಮುಚ್ಚಳ, ಉಪ್ಪಿನ ಡಬ್ಬಿ ತಂದು ಮೇಜಿನ ಮೇಲಿಟ್ಟು, ಸ್ಪ್ಯಾನಿಶಿನಲ್ಲಿ ಉಪ್ಪು ಕೇಳಿದಳು.

ಲಿನ್ ಕೈ ಚಾಚಲಿಲ್ಲ. ಕಣ್ಣು ಮುಚ್ಚಿ, ಬೆರಳು ಮಡಚುತ್ತ ತುಟಿ ಅಲುಗಿಸತೊಡಗಿದಳು. ಮೊದಲ ಪದದಿಂದ ಹದಿನೇಳನೆಯದಾದ ಉಪ್ಪಿನವರೆಗೆ ಬಂದು, ಆಮೇಲೆ ಡಬ್ಬಿ ಎತ್ತಿದಳು.

ಉಮಾಶ್ರೀಗೆ ತಿಳಿಯಿತು: ಇದು ಮಗ್ಗಿ. ಏಳೆಂಟ್ಲೆ ಎಷ್ಟು ಎಂದು ಅಪ್ಪ ಕೇಳಿದರೆ ಅವಳೂ ಏಳೊಂದ್ಲೆ ಏಳರಿಂದಲೇ ಹೊರಡುತ್ತಿದ್ದಳು. ಉಳಿದ ಐವರನ್ನೂ ಕೇಳಿದಳು. ಐವರ ತುಟಿಯೂ ಅಲುಗಿತು. ಫೋನು ತೆಗೆದು ನೋಡಿದರೆ ಆರು ವಾರದಲ್ಲಿ ಪದಗಳ ಸರದಿ ಒಮ್ಮೆಯೂ ಬದಲಾಗಿರಲಿಲ್ಲ. ಸರದಿ ಕಲಸಿ ಕೇಳು ಎಂದು ಎಐಗೆ ಅವಳು ಹೇಳಿರಲಿಲ್ಲ. ಲ್ಯಾಬಿನಲ್ಲಿ ಮಾದರಿಗಳನ್ನು ಸರದಿ ಕಲಸದೆ ಇಟ್ಟ ಸಾಲಿನಲ್ಲೇ ಪರೀಕ್ಷಿಸಿದ ಹೊಸಬರನ್ನು ಗದರುವವಳು ಇವಳೇ.

ಕಲಸಿದ ಮೇಲೆ ಲಿನ್‌ಗೆ ಬಂದದ್ದು ಹನ್ನೊಂದು. ಆಕೆ ಆ ಅಂಕಿಯನ್ನು ತೋರಿಸಿ ಹರಕು ಇಂಗ್ಲಿಷಿನಲ್ಲಿ ಕೇಳಿದಳು:

"ಟೀಚರ್, ನಾನು ಸರಿಯಾಗಿ ಓದಲಿಲ್ಲವಾ?"

"ನೀವು ಓದಿದ್ದೀರಿ. ಓದಿಸಿದ್ದು ತಪ್ಪು. ನಾಳೆ ನಿಮ್ಮ ಮನೆಗೆ ಬರಲೇ?"

ಭಾನುವಾರ ಬೆಳಗಿನಿಂದ ಸಂಜೆಯವರೆಗೆ ಲಿನ್‌ಳ ಅಡುಗೆಮನೆಯಲ್ಲಿ ಉಮಾಶ್ರೀ ಸರದಿಯಿಲ್ಲದೆ ಒಂದೊಂದೇ ಪದ ಕೂಗಿದಳು, ಲಿನ್ ಆ ವಸ್ತು ತಂದು ಕೈಗಿತ್ತಳು. ಬೆರಳು ಮಡಚಲು ಕೈ ಖಾಲಿ ಇರಲಿಲ್ಲ.

ಸೋಮವಾರ ಸಂಜೆ ಮೆಸೇಜು ಬಂತು: "ಮುಚ್ಚಳ ಮರೆತೆ. ಉಳಿದದ್ದು ಕೊಟ್ಟೆ. ನಾಳೆ ಆರಕ್ಕೆ ಬಾ ಎಂದರು."