ಹಾಗ್‌ಬ್ರಿಜ್ ಲಾಕಿನ ಸೋಮಾರಿ ನಲ್ಲಿ

ಹಾಗ್‌ಬ್ರಿಜ್ ಲಾಕಿನ ಕಾವಲುಗಾರ ಕ್ಲೆಮೆಂಟ್ ಯಾಪನ ಬಾಯಿಗೆ ಬೀಗ ಹಾಕುವವರು ಆ ನದಿಯಲ್ಲಿ ಯಾರೂ ಇರಲಿಲ್ಲ. ಪಾಪ, ಅವನಿಗೆ ಇದ್ದ ಕೊರತೆಯೆಂದರೆ ನಿಂತು ಕೇಳುವವರದು. ಟ್ಯೂಕ್ಸ್‌ಬರಿ ಊರಿನ ಕಡೆಗೆ ಇಳಿಯುವ ದೋಣಿ ಲಾಕಿನೊಳಗೆ, ಅಂದರೆ ದೋಣಿಗಳನ್ನು ಏರಿಳಿಸಲು ನದಿಗೆ ಎರಡು ಗೇಟು ಹಾಕಿ ಕಟ್ಟಿದ ತೊಟ್ಟಿಯೊಳಗೆ, ಬರುತ್ತಿತ್ತು, ಹಿಂದಿನ ಗೇಟು ಮುಚ್ಚುತ್ತಿತ್ತು, ನೀರು ಇಳಿಯುತ್ತಿತ್ತು. ಕ್ಲೆಮ್ ತನ್ನ ಮೊಣಕಾಲಿನ ಆಪರೇಷನ್ ಕಥೆಯನ್ನು ಅರ್ಧಕ್ಕೆ ತರುವಷ್ಟರಲ್ಲಿ ಕೇಳುತ್ತಿದ್ದ ಮನುಷ್ಯ ಕೆಳಗಿಳಿದು ಅವನ ಟೋಪಿ ಮಾತ್ರ ಕಾಣುತ್ತಿತ್ತು. ಮುಂದಿನ ಗೇಟು ತೆರೆದರೆ ಟೋಪಿಯೂ ಮಾಯ.

ಹೆಂಡತಿ ಹಿಲ್ಡಾ ಇದ್ದಷ್ಟು ದಿನ ಇದೊಂದು ಸಮಸ್ಯೆಯೇ ಆಗಿರಲಿಲ್ಲ. ಅವಳು ಸ್ವೆಟರ್ ಹೆಣೆಯುತ್ತ, ಒಂದು ಮಾತನ್ನೂ ಕಿವಿಗೆ ಹಾಕಿಕೊಳ್ಳದೆ, ಎಲ್ಲದಕ್ಕೂ ಹೂಂಗುಟ್ಟುತ್ತಿದ್ದಳು. ಅವಳು ತೀರಿಕೊಂಡ ಮೇಲೆ ಲಾಕಿನ ಪಕ್ಕದ ಮನೆ ಬಿಕೋ ಎನ್ನತೊಡಗಿತು. ಹೂಂ ಅನ್ನುವ ಒಂದು ದನಿಗಾಗಿ ಮನುಷ್ಯ ಎಷ್ಟು ಹಂಬಲಿಸುತ್ತಾನೆಂದು ಕ್ಲೆಮ್‌ಗೆ ಆಗ ತಿಳಿಯಿತು.

ದೋಣಿಯವರಿಗೆಂದು ದಡದಲ್ಲಿ ಸ್ನಾನದ ಮನೆ, ಕಸದ ತೊಟ್ಟಿ, ಪಾಯಿಖಾನೆಯ ಡಬ್ಬಿ ಖಾಲಿ ಮಾಡುವ ಕೋಣೆ, ಕುಡಿಯುವ ನೀರಿನ ನಲ್ಲಿ ಎಲ್ಲ ಇದ್ದವು. ಡಬ್ಬಿ ಖಾಲಿ ಮಾಡುವ ಕಡೆ ಹರಟೆ ಹೊಡೆಯುವಷ್ಟು ಗಟ್ಟಿ ಮೂಗು ಯಾರಿಗೂ ಇಲ್ಲ. ಹಾಗಾಗಿ ಕ್ಲೆಮ್ ನಲ್ಲಿಯ ಮೇಲೆ ಕಣ್ಣು ಹಾಕಿದ. ಶೆಡ್ಡಿನ ಹಿಂದೆ ಕಬ್ಬಿಣದ ಮುಚ್ಚಳದಡಿ ವಾಲ್ವ್ ಇತ್ತು. ಅದನ್ನು ಮುಕ್ಕಾಲು ಪಾಲು ತಿರುಗಿಸಿ ಮುಚ್ಚಿಟ್ಟ. ಅಂದಿನಿಂದ ದೋಣಿಯ ನೀರಿನ ಟ್ಯಾಂಕು ತುಂಬಲು ಅರ್ಧ ದಿನ ಹಿಡಿಯುತ್ತಿತ್ತು. ಕಾಯುವವರಿಗೆ ಪಕ್ಕದಲ್ಲೇ ಬೆಂಚು, ಕೈಯಲ್ಲಿ ಹಾಲು ಹಾಕಿದ ಚಹಾ, ಕಿವಿಯಲ್ಲಿ ಮೊಣಕಾಲು.

ಎಲ್ಲರೂ ಸಹಿಸಿಕೊಂಡರು, ಡಾರ್ಕಾಸ್ ಫಿಚ್ ಒಬ್ಬಳನ್ನು ಬಿಟ್ಟು. ಶಾಲೆಯೊಂದರಲ್ಲಿ ಅಡುಗೆ ಮಾಡಿ ನಿವೃತ್ತಳಾಗಿ, 'ಮಾರಿಗೋಲ್ಡ್' ಎಂಬ ದೋಣಿಯಲ್ಲೇ ಒಬ್ಬಳೇ ಸಂಸಾರ ಹೂಡಿದ್ದ ಗಟ್ಟಿಗಿತ್ತಿ. ಬಂದಾಗಲೆಲ್ಲ ಶುಂಠಿ ಕೇಕು ತರುತ್ತಿದ್ದಳು, ಅದನ್ನು ಕೊಯ್ಯುತ್ತಲೇ ಜಗಳ ತೆಗೆಯುತ್ತಿದ್ದಳು.

"ಈ ನಲ್ಲಿಗಿಂತ ನೆಗಡಿ ಬಂದಾಗ ನನ್ನ ಮೂಗೇ ಜೋರಾಗಿ ಸುರಿಯುತ್ತೆ ಕಣಯ್ಯ."

"ಹಂಗಾದ್ರೆ ಮೂಗಿಗೇ ಪೈಪು ಹಾಕ್ಕೋ, ಮಹಾರಾಯ್ತಿ," ಎನ್ನುತ್ತಿದ್ದ ಕ್ಲೆಮ್, ಎರಡನೇ ತುಂಡು ಕೇಕಿಗೆ ಕೈ ಚಾಚುತ್ತ.

ಕೊನೆಗೆ ಅವಳೇ ನದಿಯ ಕಚೇರಿಗೆ ದೂರು ಕೊಟ್ಟಳು. ರಿಪೇರಿಯವನು ಬಂದು ನೇರ ಶೆಡ್ಡಿನ ಹಿಂದೆ ಹೋಗಿ ಮುಚ್ಚಳ ಎತ್ತಿದ. ಯಾರೋ ವಾಲ್ವ್ ಮುಚ್ಚಿದ್ದಾರಲ್ಲ ಎಂದು ಕ್ಲೆಮ್‌ನ ಮುಖವನ್ನೇ ನೋಡಿದ.

"ಇಲ್ಲಿ ಇಲಿ ಕಾಟ ಜಾಸ್ತಿ," ಎಂದ ಕ್ಲೆಮ್.

ರಿಪೇರಿಯವನು ನಗು ತಡೆದುಕೊಂಡು ವಾಲ್ವನ್ನು ಪೂರ್ತಿ ತೆರೆದ. ಇನ್ನು ಮುಂದೆ ಇಲಿಗಳು ಇದರ ತಂಟೆಗೆ ಬರದಂತೆ ನೋಡಿಕೊಳ್ಳಬೇಕೆಂದು ಮಾತು ತೆಗೆದುಕೊಂಡೇ ಹೋದ. ಈ ಇಲಿಯ ಸುದ್ದಿ ಮರುದಿನವೇ ನದಿಯುದ್ದಕ್ಕೂ ಹಬ್ಬಿತು. ಬೆಂಚು ಮಾತ್ರ ಖಾಲಿಯಾಯಿತು. ದೋಣಿಗಳು ಬರುತ್ತಿದ್ದವು, ಬುಸ್ಸೆಂದು ತುಂಬಿಸಿಕೊಳ್ಳುತ್ತಿದ್ದವು, ಥ್ಯಾಂಕ್ಸ್ ಹೇಳಿ ಹೊರಟುಬಿಡುತ್ತಿದ್ದವು. ಡಾರ್ಕಾಸ್ ಬಂದಾಗಲೂ ಅಷ್ಟೇ. ಕೇಕಿಗೆ ಚಾಕು ಹುಡುಕುವಷ್ಟರಲ್ಲಿ ಟ್ಯಾಂಕು ತುಂಬಿ ಚೆಲ್ಲಿತು, ಹಿಂದೆ ಇನ್ನೊಂದು ದೋಣಿ ಕಾಯುತ್ತಿತ್ತು. ಕೊಯ್ಯದ ಕೇಕಿನೊಂದಿಗೆ ಅವಳು ಹೊರಟಳು. ತಿರುವು ದಾಟುವ ತನಕ ಹಿಂದಿರುಗಿ ನೋಡುತ್ತಲೇ ಇದ್ದಳು.

ಕ್ಲೆಮ್ ಹಂಸಗಳ ಜೊತೆ ಮಾತಾಡಿ ನೋಡಿದ. ಅವು ಬ್ರೆಡ್ಡು ಮುಗಿಯುತ್ತಲೇ ಬೆನ್ನು ತಿರುಗಿಸುವ ಜಾತಿ. ಶೆಡ್ಡಿನ ಹಿಂದೆ ಹೋದಾಗಲೆಲ್ಲ ಕೈ ತುರಿಸುತ್ತಿತ್ತು, ಆದರೆ ಕೊಟ್ಟ ಮಾತು ಮಾತೇ. ಸಂಜೆ ಒಬ್ಬನೇ ಚಹಾ ಕುಡಿಯುವಾಗ ಹಿಲ್ಡಾಳ ಖಾಲಿ ಕುರ್ಚಿ ನೋಡಲಾಗದೆ ಅದನ್ನು ಗೋಡೆಗೆ ತಿರುಗಿಸಿಟ್ಟ.

ಮುಂದಿನ ಸಲ 'ಮಾರಿಗೋಲ್ಡ್' ಬಂದಾಗ ಕ್ಲೆಮ್ ಇನ್ನೊಂದು ದೋಣಿಯನ್ನು ಲಾಕಿನಿಂದ ಸಾಗಹಾಕುತ್ತಿದ್ದ. ಕೆಲಸ ಮುಗಿಸಿ ಬಂದು ನೋಡಿದರೆ ನಲ್ಲಿ ಮತ್ತೆ ಮೊದಲಿನಂತೆಯೇ ತೊಟ್ಟಿಕ್ಕುತ್ತಿದೆ. ತಾನಂತೂ ಮುಟ್ಟಿಲ್ಲ, ಆದರೆ ನಂಬುವವರು ಯಾರು? ಶೆಡ್ಡಿನ ಹಿಂದೆ ಓಡಿದ. ವಾಲ್ವ್ ಮುಕ್ಕಾಲು ಮುಚ್ಚಿತ್ತು. ಮುಚ್ಚಳದ ಮೇಲೆ ಶುಂಠಿ ಕೇಕಿನ ಪುಡಿ ಉದುರಿತ್ತು.

ಬೆಂಚಿನ ಬಳಿಗೆ ವಾಪಸು ಬಂದ. ಡಾರ್ಕಾಸ್ ಕೇಕು ಕೊಯ್ಯುತ್ತಿದ್ದಳು, ತಲೆ ಎತ್ತಲಿಲ್ಲ.

"ಏನ್ ಹಂಗ್ ನೋಡ್ತೀಯ? ಇಲ್ಲಿ ಇಲಿ ಕಾಟ ಅಂತ ನೀನೇ ತಾನೆ ಹೇಳಿದ್ದು," ಎಂದಳು. "ಟ್ಯಾಂಕು ತುಂಬೋಕೆ ಇನ್ನೂ ಬೇಜಾನ್ ಹೊತ್ತಿದೆ. ಕೂತ್ಕೊಂಡು ಹೇಳು, ಆ ಮೊಣಕಾಲನ್ನ ಎಲ್ಲಿಗೆ ನಿಲ್ಸಿದ್ದೆ?"

ಕ್ಲೆಮ್ ಒಳಗೆ ಹೋಗಿ ಚಹಾಕ್ಕೆ ನೀರಿಟ್ಟ, ಗೋಡೆ ಕಡೆ ತಿರುಗಿಸಿದ್ದ ಕುರ್ಚಿಯನ್ನು ಡಾರ್ಕಾಸ್‌ಗೆಂದು ಎತ್ತಿಕೊಂಡು ಹೊರಗೆ ಬಂದ.